ಮುನಿರತ್ನಮ್ಮ ಕಾಪಾಡಿದ ಹುಳುಗಳು

"ಸುಕನ್ಯಾ, ಹನ್ನೊಂದು ಹುಳು" ಎಂದು ಕ್ರಿಮಿದ್ವಾರ ಊರಿಗೆಲ್ಲ ಕೇಳುವಂತೆ ಸಾರಿತು. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ಬಾಗಿಲಿಗೆ ಹೊಸದಾಗಿ ಕೂರಿಸಿದ ಯಂತ್ರವದು. ಹಾದುಹೋದವರ ಕರುಳಿನ ಕೊಕ್ಕೆಹುಳುಗಳನ್ನು ಎಣಿಸಿ, ಹೆಸರು ಹಿಡಿದು ಕೂಗಿ, ಕಿವಿಗೆ ಕೇಳದ ಶಬ್ದದಲೆಗಳಿಂದ ಅಲ್ಲೇ ಕೊಂದುಬಿಡುತ್ತಿತ್ತು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಹುಳು ಹೊಸದಲ್ಲ. ಆದರೆ ಬಡವರ ಹೊಟ್ಟೆಯ ಮೇಲೆ ಡಂಗೂರ ಸಾರುವುದು ಯಾವ ವಿಜ್ಞಾನವೋ ಕಾಣೆ. ಗಂಡಸರು ನಕ್ಕರು, ಸುಕನ್ಯಾ ತಲೆ ತಗ್ಗಿಸಿದಳು.

ಹಿಂದಿದ್ದ ಅವಳ ದೊಡ್ಡಮ್ಮ ಮುನಿರತ್ನಮ್ಮ ಕಾಲು ಮುಂದಿಡಲಿಲ್ಲ.

"ನನ್ನ ಹೊಟ್ಟೇಲಿ ಏನೈತೆ ಅಂತ ನಮ್ಮವ್ವನೂ ಕೂಗಿರ್ಲಿಲ್ಲ. ನಾನು ಇದ್ರೊಳಗೆ ಬರಾಕಿಲ್ಲ."

ಮೊಂಡುತನಕ್ಕೆ ಶಿಕ್ಷೆಯಾಗಿ ಅವಳನ್ನು ಹಿತ್ತಲಿಗೆ ತಳ್ಳಿ, ಗೂಡಿನಿಂದ ಬಿದ್ದ ಸತ್ತ ರೇಷ್ಮೆಹುಳು ಒಣಗಿಸುವ ಕೆಲಸ ಕೊಟ್ಟರು. ಧೂಳು ಅಲ್ಲೇ ಹೆಚ್ಚು.

ಐದು ತಿಂಗಳಲ್ಲಿ ಒಳಗಿನವರೆಲ್ಲ ಸೀನತೊಡಗಿದರು, ಉಬ್ಬಸ ಹಿಡಿಯಿತು. ಸುಕನ್ಯಾ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು; ಇನ್ನೊಮ್ಮೆ ಜೋರಾಗಿ ಬಂದರೆ ಉಳಿಯುವುದು ಕಷ್ಟವೆಂದು ವೈದ್ಯರು ಹೇಳಿದರು. ಹಿತ್ತಲಿನ ಮುನಿರತ್ನಮ್ಮ ಮಾತ್ರ ಕಲ್ಲುಗುಂಡಿನಂತಿದ್ದಳು.

ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ವಾರಿಜಾ ಅವಳ ರಕ್ತ ಪರೀಕ್ಷಿಸಿ ಬಂದು ಎದುರಿಗೆ ಕೂತರು.

"ನಮ್ಮ ರಕ್ತದಲ್ಲಿ ಕಾವಲುಗಾರರು ಇರ್ತಾರಮ್ಮ. ಹುಳ ತಾನು ಬದುಕೋದಕ್ಕೆ ಒಂದು ಶಮನರಸ ಬಿಟ್ಟು ಅವರನ್ನ ಸಮಾಧಾನ ಮಾಡ್ತಿತ್ತು. ಹುಳ ಸತ್ತಮೇಲೆ ಅವರು ರೇಷ್ಮೆ ಧೂಳಿನ ಮೇಲೆ ಜಗಳಕ್ಕೆ ಬಿದ್ದಿದ್ದಾರೆ. ಆ ಹುಳದ ತಳಿ ಈಗ ನಿಮ್ಮ ಹೊಟ್ಟೇಲಿ ಮಾತ್ರ ಉಳಿದಿದೆ."

"ಕೊಂದೋರೇ ಹುಳ ಕೇಳ್ಕೊಂಡು ಬಂದ್ರಾ?"

"ತಪ್ಪಾಯ್ತು."

"ಮೊದ್ಲು ನಮ್ಮ ಮಗೂನ ಉಳಿಸಿ."

ಪ್ರಯೋಗಾಲಯದಲ್ಲಿ ಮುನಿರತ್ನಮ್ಮನ ಹುಳುವಿನ ಮರಿ ಬೆಳೆಸಿ, ಚರ್ಮ ಕೊರೆದು ಒಳಗಿಳಿಯಲೆಂದು ಎಣಿಸಿ ಹತ್ತನ್ನು ಸುಕನ್ಯಾಳ ತೋಳಿಗೆ ಬಿಟ್ಟರು. ಮೂರು ತಿಂಗಳಿಗೆ ಅವಳ ಉಬ್ಬಸ ಇಳಿಯಿತು. ಮುನಿರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಉಳಿದ ನಲವತ್ತು ಮಂದಿಗಾಗಿ ವಾರಿಜಾ ಮತ್ತೆ ಹುಳ ಕೇಳಲು ಬಂದಾಗ ಮುನಿರತ್ನಮ್ಮನ ಕಣ್ಣು ಒಣಗಿತ್ತು.

"ಕೊಡ್ತೀನಿ. ಆದ್ರೆ ಮೊದ್ಲು ನಿಮ್ಮ ತೋಳಿಗೆ ಬಿಟ್ಕೊಳ್ಳಿ, ಎಲ್ಲರ ಮುಂದೆ."

"ನನಗೆ ಉಬ್ಬಸ ಇಲ್ವಲ್ಲಮ್ಮ."

"ನಮಗೂ ಇರ್ಲಿಲ್ಲ, ಮೇಡಂ."

ವಾರಿಜಾ ಕೈಗಡಿಯಾರ ಬಿಚ್ಚಿಟ್ಟು ತೋಳು ಚಾಚಿದರು.