ತಾಯತದೊಳಗಿನ ಬಳ್ಳಿ

ಶಿವರಂಜನಿ ತನ್ನ ಬೆಳ್ಳಿ ತಾಯತವನ್ನು ಡಾಕ್ಟರ್ ಪರಿಮಳ ಅವರ ಮೇಜಿನ ಮೇಲೆ ಇಟ್ಟ ಸದ್ದಿಗೆ ಇಡೀ ಕೊಯಮತ್ತೂರೇ ಬೆಚ್ಚಿಬಿತ್ತು.

“ತಕ್ಕಳಿ ಡಾಕ್ಟ್ರೆ. ನನ್ನ ಒಕ್ಕುಳಬಳ್ಳಿ ಇದ್ರೊಳ್ಗೇ ಅದ. ನಮ್ಮಣ್ಣುನ್ಗ ಆಕ್ಬುಡಿ.”

ಐದನೇ ಕ್ಲಾಸಿನ ಈ ಹುಡುಗಿ ಅಜ್ಜಿಯ ಜೊತೆ ದೊಡ್ಡಗಾಜನೂರಿನಿಂದ ಬಂದಿದ್ದಳು. ದಿಂಬಂ ಘಾಟಿನ ಇಪ್ಪತ್ತೇಳು ತಿರುವಿನಲ್ಲಿ ಐವತ್ತನಾಲ್ಕು ಸಲ ವಾಂತಿ ಮಾಡಿದ್ದಳು. ಆದರೂ ತಾಯತ ಹಿಡಿದ ಮುಷ್ಟಿ ಬಿಚ್ಚಿರಲಿಲ್ಲ. ಆನೆ ಬಂದು ಎಳೆದಿದ್ದರೂ ಬಿಚ್ಚುತ್ತಿರಲಿಲ್ಲ.

ಅವಳಣ್ಣ ನಟರಾಜನಿಗೆ ಬ್ಲಡ್ ಕ್ಯಾನ್ಸರ್. ಮನೆಯಲ್ಲಿ ಯಾರ ಅಸ್ಥಿಮಜ್ಜೆಯೂ ಅವನಿಗೆ ಮ್ಯಾಚ್ ಆಗಿರಲಿಲ್ಲ. ಹೊಕ್ಕುಳಬಳ್ಳಿಯ ರಕ್ತ ಕೊಟ್ಟು ನೋಡಬಹುದಂತೆ ಎಂದು ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದ್ದ.

ಅವರ ಮನೆಯಲ್ಲಿ ಕೂಸಿನ ಬಳ್ಳಿ ಒಣಗಿ ಉದುರಿದರೆ ಎಸೆಯುವುದಿಲ್ಲ. ಅಜ್ಜಿ ಪುಟ್ಟಮಲ್ಲಮ್ಮ ಅದನ್ನು ತಾಯತದಲ್ಲಿಟ್ಟು ಕೂಸಿನ ಉಡಿದಾರಕ್ಕೆ ಕಟ್ಟುತ್ತಾಳೆ. ಇನ್ನೇನು ಬೇಕು? ಅಣ್ಣನನ್ನು ಉಳಿಸುವವಳು ತಾನೇ ಎಂದು ಶಿವರಂಜನಿ ಇಡೀ ಸ್ಕೂಲಿಗೆ, ಎರಡು ಎಮ್ಮೆಗೆ, ಬಸ್ ಕಂಡಕ್ಟರಿಗೂ ಹೇಳಿಯಾಗಿತ್ತು.

ಡಾಕ್ಟರ್ ನಗಲಿಲ್ಲ. ತಾಯತ ತೆರೆದು ನೋಡಿದರು. ಒಳಗೆ ಮೆಣಸಿನ ಕಾಳಿನಷ್ಟು ಒಣ ಚೂರು. ಕೂಸು ಹುಟ್ಟಿದ ಕೂಡಲೇ ಹಿಡಿದು ಫ್ರೀಜ್ ಮಾಡಿಟ್ಟ ರಕ್ತವೇ ಆಗಬೇಕು, ಬೇರೊಂದು ಕೂಸಿನದು, ಅಂಥ ರಕ್ತ ಕೂಡಿಡುವ ಬ್ಯಾಂಕಿನಿಂದ ಬರುತ್ತದೆ ಎಂದರು.

“ಅದಾಕುದ್ರ ಸೇಫಾ?”

ಡಾಕ್ಟರ್ ತಾಯತ ಮುಚ್ಚಿ ಅವಳ ಕೈಗೇ ಕೊಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಆ ರಕ್ತ ಮೈಯಲ್ಲಿ ಬೇರೂರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಸಣ್ಣ ನೆಗಡಿಯೂ ಅಪಾಯ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದೇ ಇಲ್ಲ.

“ಸೇಫ್ ಅಂತ ನಾನು ಮಾತು ಕೊಡೋಕಾಗಲ್ಲ ಪುಟ್ಟಿ. ಬೇರೆ ದಾರಿನೂ ಉಳಿದಿಲ್ಲ.”

ಅಪ್ಪ ಬಸವಣ್ಣ ಒಪ್ಪಿಗೆ ಕಾಗದಕ್ಕೆ ಸೈನ್ ಹಾಕಿದ. ಬರೆದ ಹೆಸರು ಅವನಿಗೇ ಓದಲು ಬರುವಂತಿರಲಿಲ್ಲ.

ನಟರಾಜ ಗಾಜಿನ ಆಚೆ ಮಲಗಿದ್ದ. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಒಳಗೆ ಯಾರನ್ನೂ ಬಿಡುವುದಿಲ್ಲ, ಫೋನಿನಲ್ಲೇ ಮಾತು. ಅಪ್ಪ, ಅವ್ವ, ಅಜ್ಜಿ ಮೂವರೂ ಏನೂ ಆಗಲ್ಲ ಎಂದು ನಗುತ್ತ ಹೇಳಿ, ಈಚೆ ತಿರುಗಿ ಅತ್ತಿದ್ದರು. ಈಗ ಶಿವರಂಜನಿಯ ಸರದಿ.

“ನೀನು ಜಂಬಗಾತಿ ಕಣಮ್ಮಿ,” ಎಂದ ನಟರಾಜ. “ಆದ್ರೂ ನೀನಾರ ನಿಜ ಯೋಳು. ನಾ ಉಳ್ಕತೀನಾ?”

ಅವಳ ಬಾಯಿಗೆ ನೂರು ದೊಡ್ಡ ಮಾತು ಬಂದವು. ನೂರನ್ನೂ ನುಂಗಿದಳು.

“ಗೊತ್ತಿಲ್ಲ ಕಣಣ್ಣ.”

ನಟರಾಜ ಕಣ್ಣು ಮುಚ್ಚಿಕೊಂಡ. ಫೋನ್ ಮಾತ್ರ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಅವಳೂ ಇಡಲಿಲ್ಲ.