ಅಮ್ಮನ ಫೋನಿನಲ್ಲಿ ಹಳೆಯ ಫೋಟೋ

ಒಂದು ವರ್ಷದ ಮೇಲೆ ಅವನ ಅಂಗಡಿಯ ಮೆಟ್ಟಿಲು ಹತ್ತಿದವಳು ಹೇಗಿದ್ದೀಯ ಎಂದು ಕೂಡ ಕೇಳಲಿಲ್ಲ. ತನ್ನ ಅಮ್ಮನ ಫೋನನ್ನು ಮೇಜಿನ ಮೇಲಿಟ್ಟಳು.

"ನನ್ನ ಸೈಟ್ ಸರಿಯಾಗಿ ಕಾಣ್ತಿಲ್ಲ. ಮಾಡಿಕೊಟ್ಟವನು ನೀನೇ ತಾನೆ, ನೋಡು."

ವೆಬ್‌ಸೈಟ್ ಮಾಡಿಕೊಡುವುದು, ಕೆಟ್ಟರೆ ಸರಿಪಡಿಸುವುದು ಅವನ ಕಸುಬು. ಅವಳು ಮಣ್ಣಿನ ಹೂಜಿ, ಬಟ್ಟಲು ಮಾಡುವವಳು. ಬೆರಳ ಸಂದಿಯಲ್ಲಿ ಇವತ್ತೂ ಒಣಮಣ್ಣು ಅಂಟಿತ್ತು.

ಹೋದ ವರ್ಷ ಜಗಳವಾದ ಮೇಲೆ ಮೊದಲು ಮಾತಾಡುವವರು ಯಾರು ಎಂಬ ಹಟದಲ್ಲಿ ಇಬ್ಬರೂ ಬಿಗಿದುಕೊಂಡು ಕೂತಿದ್ದರು. ಆದರೂ ಈ ಪುಣ್ಯಾತ್ಮ ದಿನಾ ಬೆಳಿಗ್ಗೆ ಅವಳ ಸೈಟ್ ತೆರೆಯುತ್ತಿದ್ದ. ಮೊದಲ ಪುಟದಲ್ಲಿ ತಿಗರಿಯ ಮುಂದೆ ಅವಳು, ಪಕ್ಕದಲ್ಲಿ ಕೈತುಂಬ ಕೆಸರು ಮೆತ್ತಿಕೊಂಡ ಅವನು. ಆ ಫೋಟೋ ಇರುವವರೆಗೆ ಅವಳು ತನ್ನವಳೇ ಎಂದು ನಂಬಿದ್ದ. ಈಗ ತಾನಾಗಿಯೇ ಬಂದಿದ್ದಾಳೆ, ಹಟ ಗಿಟ ಸಾಕು, ಮದುವೆಯ ಮಾತು ಕೇಳಿಯೇಬಿಡೋಣ ಎಂದುಕೊಂಡ.

"ಏನು ತೊಂದರೆ?"

"ಅಮ್ಮನ ಫೋನಲ್ಲಿ ಇನ್ನೂ ನಮ್ಮಿಬ್ಬರ ಫೋಟೋನೇ ಬರ್ತಿದೆ."

"ಅದೂ ಒಂದು ತೊಂದರೆನಾ?"

ಅವಳು ಓರೆಗಣ್ಣಿನಲ್ಲಿ ನೋಡಿದಳು. ತುಟಿಯಂಚು ಇಷ್ಟೇ ಇಷ್ಟು ಸಡಿಲವಾಗಿ ಮತ್ತೆ ಬಿಗಿಯಿತು.

"ಅದನ್ನ ತೆಗೆದು ಎಂಟು ತಿಂಗಳಾಯ್ತು. ಅದೇ ಫೈಲ್ ಹೆಸರಲ್ಲಿ ಬೇರೆ ಫೋಟೋ ಹಾಕಿದೀನಿ. ನನ್ನ ಹೊಸ ಫೋನಲ್ಲಿ ಸರಿಯಾಗಿದೆ, ಅಮ್ಮನದರಲ್ಲಿ ಮಾತ್ರ ಹಿಂಗೆ."

ಫೋಟೋ ಬೇಗ ತೆರೆಯಲಿ ಎಂದು, ಒಮ್ಮೆ ನೋಡಿದ್ದರ ಪ್ರತಿಯನ್ನು ಬ್ರೌಸರ್ ವರ್ಷಗಟ್ಟಲೆ ಇಟ್ಟುಕೊಳ್ಳುವಂತೆ ಸೆಟ್ ಮಾಡಿದ್ದವನು ಅವನೇ. ಫೋಟೋದ ಫೈಲ್ ಹೆಸರು ಬದಲಾಗದಿದ್ದರೆ ಅದು ಹಳೆಯದನ್ನೇ ತೋರಿಸುತ್ತದೆ. ಆ ಹಳೆಯ ಪ್ರತಿಗಳ ಸಂಗ್ರಹವಾದ ಕ್ಯಾಶ್ ಕ್ಲಿಯರ್ ಮಾಡಿ ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಹಾಶಯ ತನ್ನ ಕಂಪ್ಯೂಟರಿನಲ್ಲಿ ಒಂದು ಸಲವೂ ಮಾಡಿರಲಿಲ್ಲ.

ಅವಳ ಎದುರೇ ಸೈಟ್ ತೆರೆದ. ಇಬ್ಬರೂ ನಗುತ್ತಿದ್ದರು. ಹಳೆಯ ಪ್ರತಿ ಬಿಟ್ಟು ಹೊಸದನ್ನೇ ತರಿಸುವ ಕಂಟ್ರೋಲ್, ಎಫ್ ಫೈವ್ ಒತ್ತಿದ. ಫೋಟೋದಿಂದ ಅವನು ಹೋಗಿದ್ದ, ಅವನಿದ್ದ ಜಾಗದಲ್ಲಿ ನೀಲಿ ಹೂಜಿಯೊಂದು ಕೂತಿತ್ತು.

"ನಿಂಗೂ ಹಳೇದೇ ಬರ್ತಿತ್ತಾ?" ಅವಳ ದನಿ ಇಳಿಯಿತು.

"ದಿನಾ ನೋಡ್ತಿದ್ದೆ. ತೆಗೆದಿಲ್ಲ ಅಂತ ಧೈರ್ಯವಾಗಿದ್ದೆ."

"ತೆಗೆದ್ರೆ ಜಗಳ ಆಡೋಕಾದ್ರೂ ಬರ್ತೀಯ ಅಂತಾನೇ ತೆಗೆದೆ ಕಣೋ. ಆರು ತಿಂಗಳು ಕಾದೆ. ನೋಡಿಯೂ ಸುಮ್ನಿದಾನೆ ಅಂದ್ಕೊಂಡೆ."

"ಈಗ ಮದುವೆ ಆಗ್ತೀಯಾ ಅಂತ ಕೇಳಿದ್ರೆ?"

"ಹೋದ ತಿಂಗಳು ಬೇರೆಯವರಿಗೆ ಹ್ಞೂಂ ಅಂದೆ. ನಾಳೆ ಅವರ ಅಮ್ಮ ಬರ್ತಾರೆ. ನಮ್ಮಮ್ಮ ಫೋನಲ್ಲಿ ಸೈಟ್ ತೋರಿಸ್ತಾಳಂತೆ."

"ಇಷ್ಟ ಆಗಿದಾನಾ?"

"ಆಗಿದಾನೆ."

ಸುಳ್ಳು ಹೇಳುವಾಗ ಅವಳು ಮುಖ ತಿರುಗಿಸುವುದು ಅವನಿಗೆ ಗೊತ್ತಿತ್ತು. ಈಗ ನೇರವಾಗಿ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಆದರೂ ನಿಜವನ್ನೇ ಹೇಳುತ್ತಿದ್ದಳು.

ಅವನು ಅಮ್ಮನ ಫೋನ್ ಕೈಗೆತ್ತಿಕೊಂಡ. ಇಬ್ಬರೂ ಒಟ್ಟಿಗಿದ್ದ ಆ ಫೋಟೋ ಇನ್ನು ಉಳಿದಿದ್ದು ಅದರಲ್ಲಿ ಮಾತ್ರ. ಸೆಟ್ಟಿಂಗ್ಸಿಗೆ ಹೋದ. ಇಟ್ಟುಕೊಂಡ ಪ್ರತಿಗಳನ್ನು ಅಳಿಸಬೇಕೇ ಎಂದು ಅದು ಕೇಳಿತು. ಫೋನನ್ನು ಅವಳ ಕಡೆ ಚಾಚಿದ.

"ನೀನೇ ಒತ್ತು."

"ನನ್ನ ಕೈಲಾಗಲ್ಲ," ಎಂದಳು. "ನೀನೇ ಒತ್ತು."

ಅವನು ಒತ್ತಿದ.