ಗುರುಲಿಂಗವ್ವನ ದನಿ

“ಗುರುಲಿಂಗವ್ವನ ಹಾಡು ಇನ್ನೊಮ್ಮೆ ಕೇಳ್ತಿಯೇನು?” ಅಂದಪ್ಪ ಹೆಡ್‌ಫೋನ್ ತೆಗೆಯದೆ ಕೇಳಿದ. ಕಣ್ಣು ಮುಚ್ಚಿತ್ತು, ತುಟಿಯಲ್ಲಿ ನಗು.

ಬನಶಂಕರಿಗೆ ಮೈಯೆಲ್ಲ ಉರಿಯಿತು. “ನೀನ ಕೇಳು.”

1988. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಇಬ್ಬರದೂ ಒಂದೇ ಪ್ರಾಜೆಕ್ಟ್. ಸಾದಾ ಕೋಣೆಯಲ್ಲಿ ಹಾಡಿದ್ದು ಬಾದಾಮಿಯ ಗುಹೆಯೊಳಗೆ ಹಾಡಿದಂತೆ ಕೇಳಿಸುವ ಕಂಪ್ಯೂಟರ್ ಪ್ರೋಗ್ರಾಂ. ದನಿಯ ಒಂದು ಪಾಲನ್ನು ತುಸು ತಡಮಾಡಿ ಮತ್ತೆ ಮತ್ತೆ ಅದಕ್ಕೇ ಕೂಡಿಸಬೇಕು. ಆ ಪಾಲು ಒಂದಕ್ಕಿಂತ ಕಡಿಮೆಯಿದ್ದರೆ ದನಿ ಮೆಲ್ಲಗೆ ಕರಗುತ್ತದೆ. ಮೀರಿದರೆ ಬೆಳೆದು ಬೆಳೆದು ಚೀರಾಟ.

ಮೊದಮೊದಲು ಪರೀಕ್ಷೆಗೆ ಬನಶಂಕರಿಯ ದನಿಯೇ ಇತ್ತು. ಆಮೇಲೆ ಅಂದಪ್ಪ ಹೇಳದೆ ಕೇಳದೆ ಕಮತಗಿಗೆ ಹೋಗಿ, ವಚನ ಹಾಡುವ ಗುರುಲಿಂಗವ್ವನ ಕ್ಯಾಸೆಟ್ ತಂದ. ಅಂದಿನಿಂದ ಅದೇ ಜಪ. “ಆಕಿ ‘ಅಯ್ಯಾ’ ಅಂದ್ರ ಗುಹಾನ ಓಗೊಡತೈತಿ ನೋಡು.”

ಬನಶಂಕರಿ ಮನೆಯಲ್ಲಿ ಕನ್ನಡಿಯ ಮುಂದೆ ‘ಅಯ್ಯಾ’ ಎಂದು ನೋಡಿದಳು. ಕೆಮ್ಮು ಬಂತು.

ಪ್ರಾಜೆಕ್ಟ್ ತೋರಿಸುವ ದಿನ ಅವನು ಗುರುಲಿಂಗವ್ವನನ್ನೇ ಕರೆತಂದ. ತನ್ನ ಕರವಸ್ತ್ರದಿಂದ ಅವಳಿಗೆ ಕುರ್ಚಿ ಒರೆಸಿಕೊಟ್ಟ. ಬನಶಂಕರಿಗೆ ಅಷ್ಟೇ ಸಾಕಾಯಿತು. ಯಾರೂ ನೋಡದಾಗ ಆ ಪಾಲನ್ನು ಒಂದರ ಮೇಲೆ ಏರಿಸಿಬಿಟ್ಟಳು.

ಎಲ್ಲರೂ ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರ್ ಕ್ಯಾಸೆಟ್ಟಿನ ಹಾಡಿನ ಲೆಕ್ಕ ಮುಗಿಸಿತ್ತು. ಪ್ರಾಜೆಕ್ಟಿಗೆ ಅಂಕ ಕೊಡಬೇಕಿದ್ದ ಈರಪ್ಪ ಸರ್ ಹಾಡು ಹಚ್ಚಿಸಿದರು. ಎರಡನೇ ಸಾಲಿಗೇ ಆ ಚೆಂದದ ದನಿ ಸೈರನ್ನಿನಂತೆ ಚೀರಿತು. ಗುರುಲಿಂಗವ್ವ ಕಿವಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು. ಅಂದಪ್ಪನ ಮುಖ ಬಿಳಿಚಿಕೊಂಡಿತು.

ಬನಶಂಕರಿಗೆ ತಡೆಯಲಾಗಲಿಲ್ಲ. “ಅಂದಪ್ಪಂದು ತಪ್ಪಿಲ್ರಿ ಸರ್. ನಾನ ನಂಬರ್ ಬದಲ ಮಾಡೀನಿ.”

“ಸಂಜಿ ಒಳಗ ಸರಿ ಮಾಡಿ ತೋರಸ್ರಿ. ಇಲ್ಲಾಂದ್ರ ಇಬ್ಬರೂ ಫೇಲ್,” ಎಂದು ಸರ್ ಹೊರನಡೆದರು.

ಬನಶಂಕರಿ ಗುರುಲಿಂಗವ್ವನ ಕೈ ಹಿಡಿದಳು. “ತಪ್ಪಾತ್ರಿ ಅಕ್ಕಾರ.”

ಗುರುಲಿಂಗವ್ವ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದಳು. “ನಾ ಹೊರಗ ಕುಂದರ್ತೇನಿ. ನೀವು ಮಾತಾಡ್ರಿ.”

“ಯಾಕ ಮಾಡಿದಿ?” ಅಂದಪ್ಪನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

“ನನ್ನ ದನಿ ಬ್ಯಾಡಾತಲ್ಲ ನಿನಗ.”

ಅವನು ಕೀಬೋರ್ಡಿನತ್ತ ತಿರುಗಿ ನಂಬರನ್ನು ಮತ್ತೆ ಒಂದಕ್ಕಿಂತ ಕೆಳಗಿಳಿಸಿದ. “ನಿನ್ನ ದನಿ ಹಾಕಿದ್ರ ಯಾವ ನಂಬರ್ ಕೊಟ್ರೂ ನನಗ ಛಲೋನ ಕೇಳತಿತ್ತು. ತಪ್ಪು ಎಲ್ಲೈತಿ ತಿಳೀತಿರಲಿಲ್ಲ. ಅದಕ್ಕ ಬ್ಯಾರೆ ದನಿ ತಂದೆ.”

ಅವಳು ಕಣ್ಣೆತ್ತಿದಳು. ಅವನ ಕಿವಿಗಳು ಕೆಂಪಾಗಿದ್ದವು.

“ಖರೇನು?”

“ಖರೆ.”

ಸಂಜೆ ಹಾಡು ಗುಹೆಯೊಳಗಿಂದ ಬಂದಂತೆ ಬಂದು ಮೆಲ್ಲಗೆ ಕರಗಿತು. ಸರ್ ಒಪ್ಪಿ ತಲೆಯಾಡಿಸಿದರು. ಗುರುಲಿಂಗವ್ವನನ್ನು ಕಮತಗಿ ಬಸ್ಸು ಹತ್ತಿಸಿ ತಿರುಗಿ ಬರುವಾಗ ಅಂದಪ್ಪ ನಿಂತ.

“ಪರೀಕ್ಷಾ ಮುಗದ ಮ್ಯಾಲೆ ನಿಮ್ಮ ಅಪ್ಪಾರನ್ನ ಕೇಳಾಕ ಬರ್ತೇನಿ.”

“ಮೊದಲ ನನ್ನ ಕೇಳು,” ಎಂದಳು ಬನಶಂಕರಿ.

ಅವನು ಕೇಳಿದ. ಅವಳು ಹೂಂ ಅಂದಳು.